ರಾಜರ ಕಥೆ ಆಯಿತು, ಊರವರ ಕಥೆ ಎಲ್ಲಿ?

ಪ್ರಶ್ನೆ: ಮಗಳ ಮನೆಗೆ ಹೋದಾಗ ಮೆಲ್ಬರ್ನ್ ಮ್ಯೂಸಿಯಂನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಂಜಿಲಾಕ ಅನ್ನೋ ವಿಭಾಗ ನೋಡಿದೆವು. ಅವರ ಕಥೆಯನ್ನು ಅಲ್ಲಿ ಅವರ ಬಾಯಲ್ಲೇ ಕೇಳಬಹುದು. ಈಗ ಮೊಮ್ಮಕ್ಕಳು ಬರುತ್ತಿದ್ದಾರೆ. ಲಕ್ಕುಂಡಿಗೆ ಹೋದರೆ ಗೈಡ್ ಬರೀ ರಾಜವಂಶಗಳ ಹೆಸರು ಹೇಳಿ ಮುಗಿಸುತ್ತಾರೆ. ಸಾಮಾನ್ಯ ಜನರ ಇತಿಹಾಸ ತೋರಿಸೋದು ಹೇಗೆ? – ಒಬ್ಬ ಓದುಗರು, ಗದಗ

ಉತ್ತರ: ಗೈಡ್‌ನನ್ನು ಬೈಯಬೇಡಿ. ಬಂದವರೆಲ್ಲ ಯಾವ ರಾಜ ಕಟ್ಟಿಸಿದ, ಎಷ್ಟು ವರ್ಷ ಹಳೇದು ಅಂತಲೇ ಕೇಳಿದರೆ ಅವರಾದರೂ ಏನು ಮಾಡಬೇಕು? ನೀವು ಬೇರೆ ಕೇಳಿ. ಅಲ್ಲಿನ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ರಾಜ ಅಲ್ಲ, ಅತ್ತಿಮಬ್ಬೆ, 1007ರಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಹೇಳುತ್ತಾರಲ್ಲ, ಅಷ್ಟು ಓಲೆಗರಿ ಕೂತು ಬರೆದವರು ಯಾರು? ಅವರಿಗೆ ಕೂಲಿ ಎಷ್ಟು ಸಿಕ್ಕಿರಬಹುದು? ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ಅನ್ನೋ ಮೆಟ್ಟಿಲುಬಾವಿ ಹತ್ತಿರ ನಿಂತು, ಇದಕ್ಕೆ ಯಾರು ಇಳಿಯುತ್ತಿದ್ದರು, ಯಾರನ್ನು ಇಳಿಯೋಕೆ ಬಿಡುತ್ತಿರಲಿಲ್ಲ ಅಂತ ಕೇಳಿ. ಉತ್ತರ ಸಿಗದಿದ್ದರೂ ಮಕ್ಕಳ ತಲೆಯಲ್ಲಿ ಪ್ರಶ್ನೆ ಉಳಿಯುತ್ತದೆ.

ನನ್ನ ಕೇಳಿದರೆ, ಗುಡಿಗಿಂತ ವೀರಗಲ್ಲಿನ ಮುಂದೆ, ಅಂದರೆ ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ, ಜಾಸ್ತಿ ಹೊತ್ತು ನಿಲ್ಲಿ. ಹಾವೇರಿ, ಹಾನಗಲ್ ಕಡೆ ಅಗಸಿ ಬಾಗಿಲಲ್ಲಿ, ಹನುಮಪ್ಪನ ಗುಡಿ ಪಕ್ಕದಲ್ಲಿ ಎಷ್ಟೋ ನಿಂತಿವೆ, ಕೆಲವಕ್ಕೆ ಊರವರು ಸುಣ್ಣ ಬಳಿದು ದೇವರು ಮಾಡಿಕೊಂಡಿದ್ದಾರೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾಳಗ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕಾಳಗದ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೋಳ್, ಅಂದರೆ ಊರ ದನ ಹೊಡೆದುಕೊಂಡು ಹೋಗುವಾಗ ಆದ ಜಗಳ. ಅಂಥ ಕಲ್ಲಲ್ಲಿ ಸಿಗೋನು ಅರಮನೆಯವನಲ್ಲ, ಬಹಳ ಸಲ ಊರಿನವನೇ. ಪಕ್ಕದಲ್ಲಿ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು, ಕಂಡರೆ ಅದನ್ನೂ ಮುಚ್ಚಿಡದೆ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಓಣಿ ಸುತ್ತಿ. ಆದರೆ ಸುಮ್ನೆ ಚಹಾ ಕುಡಿಸಿ ಕಳಿಸಬೇಡಿ, ಗೈಡ್‌ಗೆ ಕೊಡುವಷ್ಟೇ ದುಡ್ಡು ಕೊಡಿ.

ಪ್ರಶ್ನೆ: ಕಲಘಟಗಿ ಕಡೆ ಸಿದ್ದಿಗಳ ಊರು ನೋಡೋಕೆ ಹೋಗಬಹುದಾ? – ಹುಬ್ಬಳ್ಳಿಯಿಂದ

ಉತ್ತರ: ‘ನೋಡೋಕೆ’ ಅಂದರೆ ಬೇಡ. ಆಫ್ರಿಕಾದಿಂದ ಪೋರ್ಚುಗೀಸರು ಹಿಡಿದು ತಂದವರ ವಂಶದವರು ಅವರಲ್ಲಿ ಬಹಳ ಜನ. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದೇ 2003ರಲ್ಲಿ, ಕಲಘಟಗಿ ಇರುವ ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಬಸ್ ತುಂಬಿಕೊಂಡು ಹೋಗಿ ‘ನಿಮ್ಮ ಡಮಾಮಿ ಡೋಲು ಬಾರಿಸಿ, ಕುಣಿಯಿರಿ’ ಅನ್ನೋದು ಪ್ರವಾಸ ಅಲ್ಲ. ಅವರದೇ ಸಂಘದವರು ಕರೆದರೆ ಹೋಗಿ, ಅವರು ತೋರಿಸಿದಷ್ಟು ನೋಡಿ, ಕೇಳದೆ ಫೋಟೋ ತೆಗೆಯಬೇಡಿ.