ಪೂರ್ವದ ಗಾಳಿಗೆ ಚರಣ ಯಾಕಿಲ್ಲ ಎಂದು ಕೇಳಿದವರಿಗೆ

ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯಲ್ಲಿ ಯೋಧ ಬೊರೊಮಿರ್ ಸತ್ತಾಗ ಅವನ ಸಂಗಾತಿಗಳಾದ ಅರಗಾರ್ನ್ ಮತ್ತು ಲೆಗೊಲಾಸ್ ಹಾಡುವ ಹಾಡಿನಲ್ಲಿ ಪಶ್ಚಿಮ, ದಕ್ಷಿಣ, ಉತ್ತರದ ಗಾಳಿಗಳಿಗೆ ಒಂದೊಂದು ಚರಣ ಇದೆ, ಪೂರ್ವಕ್ಕಿಲ್ಲ, ಜೊತೆಗಿದ್ದ ಮೂರನೇ ಸಂಗಾತಿ ಗಿಮ್ಲಿಗೆ ಹಾಡು ಬಾರದ್ದೇ ಕಾರಣ ಅಂದಿದ್ದೀರಿ. ಹಾಡಿನಲ್ಲಿ ಬೊರೊಮಿರ್ ದಾಟುವ ಏಳು ಹೊಳೆ ಅಂದರೆ ಏಳು ಪಾಪ ಅಂತಲೂ ಬರೆದಿದ್ದೀರಿ. ಮೊದಲ ಓದಿನಲ್ಲಿ ನಾನೂ ಹೀಗೇ ಸಂಕೇತ ಹುಡುಕುತ್ತ ಕೂತಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗಿಮ್ಲಿಗೆ ಹಾಡು ಬರುತ್ತದೆ ಸ್ವಾಮಿ. ಮೋರಿಯಾ ಗಣಿಯ ಕತ್ತಲಲ್ಲಿ ದುರಿನ್ ರಾಜನ ಹಾಡನ್ನು ಅಷ್ಟುದ್ದ ಹೇಳಿದವನು ಅವನೇ. ಇಲ್ಲಿ ಪೂರ್ವದ ಗಾಳಿಯನ್ನು ನನಗೆ ಬಿಟ್ಟಿದ್ದೀರಿ, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ ಅಂತ ತಾನೇ ಅನ್ನುತ್ತಾನೆ. ಅದೇ ಸರಿ, ಬೊರೊಮಿರ್‌ನ ಊರಾದ ಮಿನಾಸ್ ತಿರಿತ್‌ನವರು ಆ ಗಾಳಿಯನ್ನು ಸಹಿಸುತ್ತಾರೆಯೇ ಹೊರತು ಅದನ್ನು ಸುದ್ದಿ ಕೇಳುವುದಿಲ್ಲ ಅಂತ ಅರಗಾರ್ನ್ ಉತ್ತರ. ನಕ್ಷೆ ನೋಡಿ, ಊರಿನ ಪೂರ್ವಕ್ಕೆ ಶತ್ರುವಿನ ನಾಡು ಮೊರ್ಡೋರ್. ಹಾಡು ಮುಗಿದ ಮೇಲಿನ ನಾಲ್ಕು ಸಾಲು ಓದದೆ ಪೋಸ್ಟ್ ಹಾಕಿದರೆ ಹೀಗೇ ಆಗುವುದು.

ಶೋಕಗೀತೆ ಯಾವುದೇ ಇರಲಿ, ಅದರೊಳಗೆ ಕಾಯುತ್ತಿರುವವರು ಯಾರು ಅಂತ ನಾನು ಮೊದಲು ನೋಡುತ್ತೇನೆ. ಹೆಣವನ್ನು ದೋಣಿಯಲ್ಲಿಟ್ಟು ರೌರೋಸ್ ಜಲಪಾತದ ಕಡೆ ಬಿಟ್ಟವರು ಈ ಮೂವರೇ. ಆದರೂ ಹಾಡು ‘ಬೊರೊಮಿರ್ ಎಲ್ಲಿ, ಯಾಕೆ ತಡ’ ಅಂತ ಏನೂ ಗೊತ್ತಿಲ್ಲದವರ ಹಾಗೆ ಕೇಳುತ್ತದೆ. ಕೇಳುತ್ತಿರುವುದು ಊರಿನ ಕೋಟೆ ಮೇಲೆ ನಿಂತವರು. ಪಶ್ಚಿಮದ ಗಾಳಿ, ಹೊಳೆ ದಾಟಿ ಹೋಗುವಾಗ ಕಂಡಿದ್ದ, ಆಮೇಲೆ ಕಾಣಲಿಲ್ಲ ಅನ್ನುತ್ತದೆ. ದಕ್ಷಿಣದ್ದು, ನನ್ನನ್ನು ಕೇಳಬೇಡಿ, ದಡದ ತುಂಬ ಮೂಳೆ, ಉತ್ತರದ್ದನ್ನು ಕೇಳಿ ಅನ್ನುತ್ತದೆ. ಉತ್ತರದ್ದು ಬಂದು ಆಮನ್ ಹೆನ್ ಬೆಟ್ಟದ ಬುಡದಲ್ಲಿ ಅವನು ಸತ್ತದ್ದನ್ನು ಹೇಳಿಬಿಡುತ್ತದೆ. ಮನೆಯವರಿಗೆ ಸಾವಿನ ಸುದ್ದಿಯನ್ನು ಒಂದೇ ಸಲ ಹೇಳದೆ ಮೆಲ್ಲಗೆ ಮುಟ್ಟಿಸುತ್ತೇವಲ್ಲ, ಹಾಗೆ. ಹೊಳೆಗಳ ವಿಷಯಕ್ಕೂ ಪಾಪ ಬೇಡ, ಪ್ರಯಾಣ ಸಾಕು. ಹಾಡಿನಲ್ಲಿ ಮೊದಲು ಕುದುರೆ ಸವಾರಿ, ಆಮೇಲೆ ಕಾಲ್ನಡಿಗೆ. ಥಾರ್ಬಾಡ್‌ನಲ್ಲಿ ಹೊಳೆ ದಾಟುವಾಗ ಬೊರೊಮಿರ್ ಕುದುರೆ ಕಳೆದುಕೊಂಡದ್ದು ಕತೆಯಲ್ಲೇ ಇದೆ.

ಹಾಡಿನಲ್ಲಿ ಇಲ್ಲದ್ದನ್ನೂ ಗಮನಿಸಿ. ಸಂಗಾತಿ ಫ್ರೋಡೋನಿಂದ ಮಾಯಾ ಉಂಗುರ ಕಸಿಯಲು ಹೋದೆ ಅಂತ ಸಾಯುವ ಮುಂಚೆ ಬೊರೊಮಿರ್ ಹೇಳಿದ್ದು ಅರಗಾರ್ನ್ ಒಬ್ಬನಿಗೇ. ಹಾಡಿನಲ್ಲಿ ಉಂಗುರದ ಸುಳಿವೂ ಇಲ್ಲ. ಸತ್ತವನ ಮಾನ ಕಾಯುವುದಕ್ಕೇ ಅರಗಾರ್ನ್ ಹೀಗೆ ಕಟ್ಟಿದ ಅಂತ ನನ್ನ ಅಭಿಪ್ರಾಯ. ಒಪ್ಪದವರು ಒಪ್ಪಬೇಡಿ, ಆದರೆ ವಿಕಿ ಲಿಂಕ್ ಎಸೆದು ಹೋಗಬೇಡಿ.

ದಕ್ಷಿಣದ ಚರಣ ಹಾಡುವವನು ಲೆಗೊಲಾಸ್, ಅದರಲ್ಲಿ ಕಡಲಹಕ್ಕಿಗಳ ಗೋಳು ಬರುತ್ತದೆ. ಪೆಲಾರ್ಗಿರ್ ಬಂದರಿಗೆ ಬರುವವರೆಗೆ ಆ ಹಕ್ಕಿಗಳನ್ನು ಜನ್ಮದಲ್ಲೇ ಕಂಡಿರಲಿಲ್ಲ ಅಂತ ಅವನೇ ಮುಂದೆ ಹೇಳುತ್ತಾನೆ. ಅಲ್ಲಿಂದಲೇ ಅವನಿಗೆ ಕಡಲಿನ ಸೆಳೆತ ಹತ್ತುವುದು. ಇನ್ನು ಉತ್ತರದಿಂದ ಸುದ್ದಿ ಬರುತ್ತದೆ ಎಂಬುದು ಬರೀ ಕಲ್ಪನೆಯೂ ಅಲ್ಲ. ಬೊರೊಮಿರ್ ಊದಿದ ಕೊಂಬಿನ ದನಿ ಉತ್ತರದ ಕಡೆಯಿಂದ ಮಸುಕಾಗಿ ಕೇಳಿತ್ತು ಅಂತ ಅವನ ತಮ್ಮ ಫರಾಮಿರ್ ಹೇಳುತ್ತಾನೆ, ದೋಣಿಯನ್ನೂ ನೋಡುತ್ತಾನೆ. ಒಡೆದ ಕೊಂಬು ಅಪ್ಪ ಡೆನೆಥೋರ್ ಕೈ ಸೇರುತ್ತದೆ. ಹಾಡುವಾಗ ಮೂವರಿಗೂ ಇದೊಂದೂ ಗೊತ್ತಿಲ್ಲ.

ಫುಟ್‌ಪಾತಿನ ಅಗ್ಗದ ಪ್ರತಿ ಕೊಳ್ಳಬೇಡಿ, ನನಗೆ ಸಿಕ್ಕಿದ್ದರಲ್ಲಿ ನಕ್ಷೆಯೇ ಇರಲಿಲ್ಲ. ದುಡ್ಡಿದ್ದರೆ 2004ರ ಐವತ್ತನೇ ವರ್ಷದ ಹಾರ್ಪರ್‌ಕಾಲಿನ್ಸ್ ಮುದ್ರಣ, ತಪ್ಪು ತಿದ್ದಿದ್ದಾರೆ. ಆದರೆ ಭಾರ, ಬಸ್ಸಿನಲ್ಲಿ ಓದಲು ಆಗದು. ಕೇಳುವವರಿಗೆ ರಾಬ್ ಇಂಗ್ಲಿಸ್ ಆಡಿಯೊ, ಹಾಡುಗಳನ್ನು ಓದದೆ ಹಾಡಿಯೇ ತೋರಿಸುತ್ತಾನೆ. ರಾಗ ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಇದರ ಜೊತೆಗೆ ಲೋರಿಯೆನ್ ಕಾಡಿನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್‌ಗಾಗಿ ಎಲ್ಫ್ ಜನ ಶೋಕಗೀತೆ ಹಾಡುವ ಭಾಗ ಓದಿ. ದುಃಖ ಇನ್ನೂ ಹಸಿ ಅಂತ ಲೆಗೊಲಾಸ್ ಅದರ ಅರ್ಥ ಹೇಳಲು ಒಪ್ಪುವುದಿಲ್ಲ. ಆಮೇಲೆ ಥಿಯೊಡೆನ್ ರಾಜನ ಮಣ್ಣು: ಸವಾರರು ಗೋರಿ ಸುತ್ತ ಹಾಡುತ್ತ ಸುತ್ತುತ್ತಾರೆ. ಹಳೆಯ ಇಂಗ್ಲಿಷಿನ ಬೇವುಲ್ಫ್ ಕಾವ್ಯದ ಕೊನೆಯಲ್ಲೂ ಹನ್ನೆರಡು ಸವಾರರು ಹೀಗೇ ಸುತ್ತುತ್ತಾರೆ. ಟೋಲ್ಕಿನ್ ಆ ಕಾವ್ಯವನ್ನು ಪಾಠ ಮಾಡುತ್ತಿದ್ದವರು, ಆದ್ದರಿಂದ ಕಾಕತಾಳೀಯ ಅನ್ನಬೇಡಿ.

ಸಿನಿಮಾ ನೋಡಿ ಬಂದವರು ಈ ಹಾಡನ್ನು ಮೊದಲ ಸಂಪುಟದಲ್ಲಿ ಹುಡುಕಿ ಬೈಯಬೇಡಿ. ಸಿನಿಮಾದಲ್ಲಿ ಬೊರೊಮಿರ್ ಸಾಯುವುದು ಮೊದಲ ಭಾಗದ ಕೊನೆಗೆ, ಪುಸ್ತಕದಲ್ಲಿ ಎರಡನೇ ಸಂಪುಟದ ಮೊದಲ ಅಧ್ಯಾಯದಲ್ಲಿ. ಪುಟ ಸಂಖ್ಯೆ ಕೇಳಬೇಡಿ, ಮುದ್ರಣಕ್ಕೊಂದು ಇರುತ್ತದೆ.