ಪ್ರ: ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯದ ವಿಮರ್ಶೆ ಬರೀ ಪಟ್ಟುಗಳ ಪಟ್ಟಿಯಾಗ್ತಿದೆ, ಏನು ಮಾಡಲಿ?

1987ರ ಮಾರ್ಚ್ 29, ವೃತ್ತಿಪರ ಕುಸ್ತಿಯ ದೊಡ್ಡ ಪ್ರದರ್ಶನ ರೆಸಲ್‌ಮೇನಿಯಾ 3ರಲ್ಲಿ ಕುಸ್ತಿಪಟುಗಳಾದ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಆಡಿದ ಪಂದ್ಯ ತಾನೇ? ಒಳ್ಳೇ ಆಯ್ಕೆ. ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ನೋಡಿ. ಎರಡನೇ ಸಲ ಧ್ವನಿ ಬಂದ್ ಮಾಡಿ, ಯಾರು ದೇಹದ ಯಾವ ಭಾಗಕ್ಕೆ ಗುರಿಯಿಟ್ಟಿದ್ದಾರೆ ಅನ್ನೋದನ್ನಷ್ಟೇ ಗುರುತು ಹಾಕಿ. ವೀಕ್ಷಕ ವಿವರಣೆ ಕಿವಿಗೆ ಬೀಳ್ತಿದ್ರೆ ಅವರ ಅಭಿಪ್ರಾಯವೇ ನಿಮ್ಮದಾಗಿಬಿಡುತ್ತೆ. ಅವಧಿಯನ್ನು ಶುರುವಿನ ಗಂಟೆ ಬಾರಿಸಿದಾಗಿನಿಂದ ಕೊನೆಯ ಗಂಟೆ ಬಾರಿಸುವವರೆಗೆ ಅಳೆಯಿರಿ, ಪ್ರವೇಶದ ಮೆರವಣಿಗೆ ಸೇರಿಸಬೇಡಿ. ಇದು 15 ನಿಮಿಷದೊಳಗೇ ಮುಗಿಯುತ್ತೆ.

ಹಿನ್ನೆಲೆ ಇಲ್ಲದೆ ಈ ಪಂದ್ಯ ಅರ್ಥವೇ ಆಗಲ್ಲ. 1986ರ ಕೊನೆಗೆ ಸ್ಯಾವೇಜ್ ರಿಂಗಿನ ಗಂಟೆಯಿಂದ ಸ್ಟೀಮ್‌ಬೋಟ್ ಗಂಟಲನ್ನು ಜಜ್ಜಿದ್ದ, ಮೊದಲೇ ಹೆಣೆದಿಟ್ಟ ಕಥೆಯ ಪ್ರಕಾರ. ಅದಕ್ಕೇ ಶುರುವಿನಲ್ಲೇ ಸ್ಟೀಮ್‌ಬೋಟ್ ಎರಡೂ ಕೈಯಲ್ಲಿ ಅವನ ಕತ್ತು ಹಿಡಿದು ಮೇಲೆತ್ತೋದು. ಕೊನೆಯಲ್ಲಿ ಅದೇ ಗಂಟೆ ಹಿಡಿದು ಸ್ಯಾವೇಜ್ ಮೇಲಿನ ಹಗ್ಗ ಹತ್ತಿದಾಗ ಸ್ಟೀಮ್‌ಬೋಟ್ ಪರ ನಿಂತಿದ್ದ ಕುಸ್ತಿಪಟು ಜಾರ್ಜ್ ಸ್ಟೀಲ್ ತಳ್ಳಿ ಬೀಳಿಸ್ತಾನೆ. ಸ್ಯಾವೇಜ್ ಎದ್ದು ಎತ್ತಿ ಒಗೆಯೋಕೆ ಹೋದರೆ ಸ್ಟೀಮ್‌ಬೋಟ್ ಅವನನ್ನೇ ಉಂಡೆ ಕಟ್ಟಿ ಪಿನ್ ಮಾಡ್ತಾನೆ, ಅಂದ್ರೆ ಮೂರರ ಎಣಿಕೆವರೆಗೆ ಭುಜ ನೆಲಕ್ಕೆ ಒತ್ತಿ ಹಿಡಿದು ಗೆಲ್ತಾನೆ. ಗಂಟಲು, ಗಂಟೆ: ಈ ಎರಡು ಎಳೆ ಹಿಡಿದರೆ ಪಟ್ಟುಗಳಿಗೆ ಕಾರಣ ಸಿಗುತ್ತೆ, ಪಟ್ಟಿ ತಾನಾಗಿ ಕರಗುತ್ತೆ.

ಎರಡರ ಎಣಿಕೆಗೆ ಭುಜ ಎತ್ತಿದ ಪಿನ್‌ಗಳನ್ನೆಲ್ಲ ಬರೆಯಬೇಡಿ, ಲೆಕ್ಕ ತಪ್ಪುವಷ್ಟಿವೆ. ಜನ ನಿಜವಾಗಿ ಗೆದ್ದೇಬಿಟ್ಟ ಅಂತ ಕೂಗಿದ ಎರಡು ಮೂರು ಸಾಕು. ಅದಕ್ಕೆ ಮೂರನೇ ಸಲ ಧ್ವನಿ ಹಾಕಿ ನೋಡಿ. ಈಗಿನ ಹಾರಾಟಗಳ ಜೊತೆ ಹೋಲಿಸಿ ಅಂಕ ಕಡಿಮೆ ಮಾಡೋದು ಅನ್ಯಾಯ. ಅದೇ ರಾತ್ರಿಯ ನಿಧಾನಗತಿಯ ಹಲ್ಕ್ ಹೋಗನ್–ಆಂಡ್ರೆ ದಿ ಜೈಂಟ್ ಪಂದ್ಯದ ಪಕ್ಕದಲ್ಲಿಟ್ಟು ನೋಡಿ.