ಮಳೇಲಿ ಪದ್ಮಿನಿ ಕಾರು ಸ್ಟಾರ್ಟ್ ಆಗ್ದಿದ್ರೆ ಮೊದ್ಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡಿ

ಸರ್, ಶಿರಸಿ ಮಳೇಲಿ ಬೆಳಿಗ್ಗೆ ಪದ್ಮಿನಿ ಸ್ಟಾರ್ಟ್ ಆಗಲ್ಲ, ಸೆಲ್ಫ್ ಚೆನ್ನಾಗೇ ತಿರುಗ್ತದೆ, ಬಿಸಿಲು ಬಂದ್ಮೇಲೆ ತಾನಾಗೇ ಸರಿ ಆಗ್ತದೆ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಬಿಚ್ಚಿಸ್ಲಾ ಅಂತ ಕೇಳಿದ್ದೀರಲ್ಲ, ಸದ್ಯಕ್ಕೆ ಬೇಡ ಮಾರಾಯ್ರೆ, ಇದು ಹೆಚ್ಚಾಗಿ ತೇವದ್ದೇ ಕಾಟ.

ರಾತ್ರಿ ಲೈಟ್ ಆಫ್ ಮಾಡಿ ಬಾನೆಟ್ ಎತ್ತಿ, ಗೇರ್ ನ್ಯೂಟ್ರಲ್ಲಲ್ಲಿಟ್ಟು ಯಾರ ಹತ್ರಾದ್ರೂ ಸೆಲ್ಫ್ ಹೊಡೆಸಿ. ಪ್ಲಗ್ ವಯರ್ ಮೇಲೆ, ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್ಗಿಗೂ ಕರೆಂಟ್ ಹಂಚೋ ಭಾಗ) ಕ್ಯಾಪ್ ಸುತ್ತ ಸಣ್ಣ ನೀಲಿ ಕಿಡಿ ಓಡಾಡಿದ್ರೆ ಕರೆಂಟ್ ಪ್ಲಗ್ ತನಕ ಹೋಗ್ದೆ ದಾರೀಲೇ ಸೋರ್ತಾ ಇದೆ ಅಂತ ಲೆಕ್ಕ. ಕೈ ಮಾತ್ರ ಹಾಕ್ಬೇಡಿ, ಸಾವಿರಾರು ವೋಲ್ಟ್ ಇರ್ತದೆ. ಆಮೇಲೆ ಇಗ್ನಿಷನ್ ಆಫ್ ಮಾಡಿ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ಪೆನ್ಸಿಲ್ಲಲ್ಲಿ ಗೀಚಿದ ಹಾಗೆ ತೆಳ್ಳಗೆ ಕಪ್ಪು ಗೆರೆ ಇದ್ರೆ ಅದು ಕ್ಯಾಪೇ ಸುಟ್ಟಿದ್ದು, ಒರೆಸಿದ್ರೆ ಹೋಗಲ್ಲ, ಹೊಸದೇ ಹಾಕ್ಬೇಕು. ಗೆರೆ ಇಲ್ಲ, ಬರೀ ಹನಿ ಕೂತಿದೆ ಅಂದ್ರೆ ಒಣ ಬಟ್ಟೆ ಸಾಕು, ವಯರ್‌ಗಳನ್ನೂ ಒರೆಸಿ. ಹೊರಗೆ ಬಿರುಕು ಬಿಟ್ಟ ವಯರ್ ಇದ್ರೆ ಒಂದೊಂದೇ ಬೇಡ, ಇಡೀ ಸೆಟ್ ಬದಲಾಯಿಸಿ.

ಹಾಗೇ ಪಾಯಿಂಟೂ ನೋಡ್ಕೊಳ್ಳಿ, ಅದು ಕ್ಯಾಪ್ ಕೆಳಗೆ ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸೋ ಸಣ್ಣ ಸ್ವಿಚ್. ಪೂರ್ತಿ ತೆರೆದಾಗ ಸಂದು 0.4ರಿಂದ 0.5 ಮಿ.ಮೀ. ಒಳಗೆ ಇರ್ಬೇಕು, ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕೇ ನೋಡಿ, ಕಣ್ಣಂದಾಜು ನಂಬ್ಬೇಡಿ. ಒಂದು ಬದಿ ಗುಂಡಿ ಬಿದ್ದು ಇನ್ನೊಂದು ಬದಿ ಉಬ್ಬು ಎದ್ದಿದ್ರೆ ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಿಡಿ ತಡೆಯೋ ಭಾಗ) ಮೇಲೂ ಡೌಟ್ ಇಡಿ.

ದೇವಿಮನೆ ಘಾಟಿ ಹತ್ತುವಾಗ ಆಫ್ ಆಗಿ, ತಣ್ಣಗಾದ್ಮೇಲೆ ಹೊರಟ್ತು ಅಂದ್ರಲ್ಲ, ಅದು ಬೇರೆ ಕಥೆ. ನಿಂತ ಜಾಗದಲ್ಲೇ ಸ್ಪಾರ್ಕ್ ಚೆಕ್ ಮಾಡಿ. ಸ್ಪಾರ್ಕ್ ಇಲ್ಲಾಂದ್ರೆ ಬಿಸಿಗೆ ವೋಲ್ಟ್ ಏರಿಸೋ ಕಾಯಿಲ್ಲೋ ಕಂಡೆನ್ಸರ್ರೋ ಕೈ ಕೊಡ್ತಾ ಇರ್ಬಹುದು, ಸ್ಪಾರ್ಕ್ ಇದ್ರೆ ಪೆಟ್ರೋಲ್ ಲೈನ್ ಕಡೆ ಹೋಗಿ, ಆಗ ಬೇಕಾದ್ರೆ ಕಾರ್ಬುರೇಟರ್ ಬಿಚ್ಚಿಸಿ.